ಅಜ್ಜನ ತಲೆಯಲ್ಲಿದ್ದ ಮೆಕ್ಕೆಜೋಳ

ನಮ್ದು ದಾವಣಗೆರೆ ಎಪಿಎಂಸಿ ಹತ್ರ ಮೆಕ್ಕೆಜೋಳದ ವ್ಯಾಪಾರ. ನಾನು ಅಕೌಂಟ್ಸ್ ನೋಡ್ಕೊಳ್ಳೋನು, ಟ್ಯಾಲಿ, ಬಿಲ್ಲು, ಲಾರಿ ಬಾಡಿಗೆ ಇಷ್ಟೇ. ಗೋಡೌನ್ ಪೂರ್ತಿ ಅಜ್ಜನ ಕೈಲಿ. ಅಜ್ಜ ಅಂದ್ರೆ ನಮ್ ಮೇಸ್ತ್ರಿ, ದೊಡ್ಡ ಸಾವ್ಕಾರ್ರ ಕಾಲದಿಂದ ಇರೋರು, ಯಾವ ಮಾಲು ಇಳಿಸ್ಬೇಕು ಯಾವ್ದು ವಾಪಸ್ ಕಳಿಸ್ಬೇಕು ಅಂತ ಅವರು ಹೇಳಿದ್ರೆ ಮುಗೀತು.

ಹೋದ ನವೆಂಬರಲ್ಲಿ, ಸೀಸನ್ ಜೋರಾಗಿರೋವಾಗ್ಲೇ ಅಜ್ಜಂಗೆ ಕಣ್ಣಿನ ಪೊರೆ ಆಪರೇಷನ್ ಆಯ್ತು. ತೇವ ಅಳೆಯೋ ಮೀಟರ್ ಐತಲ್ಲ ಅಂತ ಹುಡುಗರು ಧೈರ್ಯವಾಗೇ ಇದ್ರು. ಜಗಳೂರು ಕಡೆಯಿಂದ ಬಂದ ಮಾಲಿಗೆ ಮಾಯಿಶ್ಚರ್ (ತೇವಾಂಶ) ಶೇಕಡಾ 13.5 ತೋರಿಸ್ತು, 14ರೊಳಗೆ ಐತೆ ಅಂತ ತಗೊಂಡು, ಲೋಡ್ ಮಾಡಿ ತಮಿಳುನಾಡಿನ ನಾಮಕ್ಕಲ್ ಕಡೆ ಒಂದು ಕೋಳಿ ಫೀಡ್ ಫ್ಯಾಕ್ಟರಿಗೆ ಕಳಿಸಿದ್ರು, ಅಲ್ಲಿ ನೋಡಿದ್ರೆ 15ರ ಮೇಲೆ! ಲಾರಿ ಗೇಟಲ್ಲೇ ನಿಂತು, ಕೊನೆಗೆ ರೇಟ್ ಕಟ್ ಮಾಡಿಸ್ಕೊಂಡು ಇಳಿಸಿದ್ವಿ. ಹಸಿ ಜೋಳಕ್ಕೆ ಬೂಷ್ಟು ಹಿಡಿದ್ರೆ ಅಫ್ಲಾಟಾಕ್ಸಿನ್ ಅನ್ನೋ ವಿಷ ಸೇರುತ್ತೆ, ಕೋಳಿಗೆ ಕಂಟಕ, ಫ್ಯಾಕ್ಟರಿಯವರನ್ನ ಬೈದು ಪ್ರಯೋಜನ ಇಲ್ಲ.

ಸಾವ್ಕಾರ್ರ ಮಗ ಎಂಬಿಎ ಓದಿದೋನು. ಅಜ್ಜ ವಾಪಸ್ ಬಂದ ಕೂಡ್ಲೇ ಉದ್ದದ ಒಂದು ಎಕ್ಸೆಲ್ ಪ್ರಿಂಟ್ ಕೈಗಿಟ್ಟು, 'ಅಜ್ಜಾ, ನಿಮಗೆ ಗೊತ್ತಿರೋದೆಲ್ಲ ಇದ್ರಲ್ಲಿ ಬರಸ್ರಿ' ಅಂದ. 'ಬರ್ಸಾಕೆ ಏನೈತಪ್ಪ, ಮಾಲು ನೋಡಿದ್ರೆ ತಿಳಿತೈತೆ' ಅಂದ್ರು ಅಜ್ಜ. ಶೀಟ್ ಖಾಲಿ. ಮುದುಕ ಬೇಕಂತಲೇ ಮುಚ್ಚಿಡ್ತಾನೆ ಅಂತ ಕೆಲವರು ಗೊಣಗಿದ್ರು, ನಂಗೆ ಹಾಗನ್ನಿಸ್ಲಿಲ್ಲ, ಅಷ್ಟು ವರ್ಷ ಮಾಡಿದ ಕೆಲಸದಲ್ಲಿ ಯಾವ್ದು ಹೇಳೋ ವಿಷಯ ಅಂತ ಅವರಿಗೇ ಹೊಳೀತಿರಲಿಲ್ಲ.

ಆಮೇಲೆ ಆ ಎಂಬಿಎ ಹುಡುಗನೇ ಕ್ಲಾಸಲ್ಲಿ ಕೇಳಿದ ಒಂದು ಕಥೆ ನೆನಪು ಮಾಡ್ಕೊಂಡ. ಜಪಾನಿನ ಮತ್ಸುಶಿತಾ, ಅದೇ ಈಗಿನ ಪ್ಯಾನಾಸೋನಿಕ್, ಮನೇಲಿ ಬ್ರೆಡ್ ಮಾಡೋ ಮೆಷಿನ್ ಮಾಡೋಕೆ ಹೊರಟಾಗ ಹಿಟ್ಟು ಸರಿಯಾಗಿ ನಾದೋಕೇ ಬರ್ಲಿಲ್ವಂತೆ, ಆಗ ತನಾಕಾ ಅನ್ನೋ ಹೆಣ್ಮಗಳು ಒಸಾಕಾದ ಹೋಟೆಲೊಂದರ ಬ್ರೆಡ್ ಭಟ್ಟರ ಹತ್ರ ಹೋಗಿ ಜೊತೆಗೇ ಕೆಲಸ ಕಲಿತು, ಅವರು ಹಿಟ್ಟನ್ನ ಎಳೆದು ತಿರುಚೋದನ್ನ ಕಂಡುಹಿಡಿದ್ಲು, 1987ರಲ್ಲಿ ಮೆಷಿನ್ ಮಾರ್ಕೆಟ್ಟಿಗೆ ಬಂತು. ಮಿರ್ಚಿ ಮಂಡಕ್ಕಿ ತಿಂತಾ ಇದನ್ನ ಕೇಳಿದ ಸಾವ್ಕಾರ್ರು 'ಹಂಗಾದ್ರೆ ಒಬ್ಬ ಹುಡುಗನ್ನ ಅಜ್ಜನ ಬೆನ್ನಿಗೆ ಹಾಕ್ರಿ' ಅಂದ್ರು.

ಅದು ಕೆಲಸ ಮಾಡ್ತು. ರೋಡ್ ಮೇಲೆ ಒಣಗಿಸಿ ಬಿಸಿಬಿಸಿ ತಂದ ಮಾಲನ್ನ ಅಜ್ಜ ತಕ್ಷಣ ಮೀಟರಿಗೆ ಹಾಕ್ತಿರಲಿಲ್ಲ. ಚೀಲದ ತಳದವರೆಗೆ ಕೊಳವೆ ಚುಚ್ಚಿ ಸ್ಯಾಂಪಲ್ ತೆಗೆದು, ಒಂದು ಕಾಳು ಹಲ್ಲಲ್ಲಿ ಕಡಿದು, ಉಳಿದಿದ್ದನ್ನ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿ ನೆರಳಲ್ಲಿಟ್ಟು ಬೇರೆ ಗಾಡಿ ನೋಡೋಕೆ ಹೋಗೋರು. ಇಷ್ಟು ದಿನ ಎಲ್ಲರೂ ಅದನ್ನ ಸೋಮಾರಿತನ ಅನ್ಕೊಂಡಿದ್ವಿ. ಹುಡುಗ ಯಾಕಜ್ಜಾ ಅಂದ. 'ಮೇಲೆ ಒಣಗಿರ್ತೈತಲೇ ತಮ್ಮಾ, ಒಳಗಿನ ಹಸಿ ಹೊರಗೆ ಬರಾಕೆ ಟೈಮ್ ಬೇಕು, ಈಗ್ಲೇ ಹಾಕಿದ್ರೆ ಮೀಟರ್ ಸುಳ್ಳು ಹೇಳ್ತೈತೆ.' ನಮ್ ಲಾಸ್ ಎಲ್ಲಿಂದ ಬಂತು ಅಂತ ಅಲ್ಲೇ ಸಿಕ್ತು ನೋಡ್ರಿ. ಅವತ್ತೇ ಗೇಟ್ ಚೀಟಿಯಲ್ಲಿ 'ಬಿಸಿ ಮಾಲು: ಹೌದು/ಇಲ್ಲ' ಅಂತ ಒಂದು ಸಾಲು ಸೇರಿಸ್ದೆ. ಹುಡುಗ ಅಜ್ಜನ ಮಾತನ್ನೆಲ್ಲ ವಾಯ್ಸ್ ಮೆಸೇಜ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕ್ತಾನೆ (ಗುಡ್ ಮಾರ್ನಿಂಗ್ ಹೂವುಗಳ ಮಧ್ಯೆ ಹುಡುಕ್ಬೇಕು, ಅದು ಬೇರೆ ಕಥೆ).

ಒಂದಿನ ಅಜ್ಜ ನೇರವಾಗೇ ಕೇಳಿದ್ರು, 'ಎಲ್ಲ ಕಲಿತ್ಮೇಲೆ ನನ್ನ ಮನೆಗೆ ಕಳಿಸ್ತೀರೇನು?' ಎಂಬಿಎ ಹುಡುಗಂಗೆ ಉತ್ತರ ಬರ್ಲಿಲ್ಲ. ಸಾವ್ಕಾರ್ರು ಆ ತಿಂಗಳೇ ಸಂಬಳ ಏರಿಸಿ, ಹೊಸ ಹುಡುಗರಿಗೆ ಕಲಿಸೋದೂ ಅವರದೇ ಕೆಲಸ ಅಂತ ಎಲ್ಲರೆದುರು ಹೇಳಿದ್ರು, ಇಲ್ದಿದ್ರೆ ಮಾತು ಅಲ್ಲಿಗೇ ನಿಲ್ತಿತ್ತು ಅಂತ ನನ್ ಲೆಕ್ಕ.

ಯಾವ ಲಾರಿಯವ್ರನ್ನ ನಂಬಬಹುದು ಅನ್ನೋ ಲಿಸ್ಟ್ ಮಾತ್ರ ಇನ್ನೂ ಹೊರಗೆ ಬಂದಿಲ್ಲ. ಕೇಳಿದ್ರೆ, 'ಅದು ಮುಂದಿನ ಸೀಸನ್ನಿಗೆ ನೋಡಾಣ ತಮ್ಮಾ' ಅಂತಾರೆ.