‘ಮರ ಬಿತ್ತು’ ಮತ್ತು ‘ಧರೆಗುರುಳಿದ ಮರ’

ಮಂಗಳೂರಿನವರು ಆಡುವುದು ಪುಸ್ತಕದ ಕನ್ನಡ ಎಂದು ಘಟ್ಟದ ಮೇಲಿನವರು ತಮಾಷೆ ಮಾಡುವುದುಂಟು. ತಮಾಷೆಗೆ ಕಾರಣವೂ ಉಂಟು. ಇಲ್ಲಿ ಬಹಳ ಮಂದಿಗೆ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಕನ್ನಡ ಸಿಕ್ಕಿದ್ದು ಶಾಲೆಯ ಬೆಂಚಿನ ಮೇಲೆ. ಬೆಂಗಳೂರಿನ ‘ಮಾಡಕ್ಕೆ’ ಇಲ್ಲಿ ‘ಮಾಡ್ಲಿಕ್ಕೆ’ ಆಗಿಯೇ ಉಳಿದಿದೆ. (ಕುಂದಾಪ್ರ ಕನ್ನಡದವರ ಕತೆ ಬೇರೆ, ಅವರಿಗೆ ಅದು ಮನೆಮಾತೇ. ಪುಸ್ತಕದ ಹಂಗಿಲ್ಲ.)

ಇಂಗ್ಲಿಷಿನಲ್ಲೂ ಇದೇ ಆಟ. ಅದೂ ಬಂದದ್ದು ಪುಸ್ತಕದಿಂದ, ಹಾಗಾಗಿ ಬಾಯಿಗೆ ಬರುವುದೂ ಪುಸ್ತಕವೇ. ಕಚೇರಿಗೆ ಫೋನ್ ಮಾಡಿ ‘ಐ ಆಮ್ ಸಫರಿಂಗ್ ಫ್ರಮ್ ಫೀವರ್, ದೇರ್‌ಫೋರ್ ಐ ಆಮ್ ಅನೇಬಲ್ ಟು ಅಟೆಂಡ್’ ಎಂದರೆ ವ್ಯಾಕರಣ ತಪ್ಪಿಲ್ಲ, ಆದರೆ ಕೇಳುವವರಿಗೆ ರಜಾ ಅರ್ಜಿಯನ್ನು ಗಟ್ಟಿಯಾಗಿ ಓದಿದ ಹಾಗೆ ಆಗುತ್ತದೆ. ‘ಐವ್ ಗಾಟ್ ಎ ಫೀವರ್, ಕಾಂಟ್ ಕಮ್ ಟುಡೇ’ ಸಾಕು. ಎರಡನೆಯ ತುಂಡಿನಲ್ಲಿ ‘ಐ’ ಬಿಟ್ಟುಹೋಗಿದೆ, ಯಾರಿಗೂ ಅದು ಬೇಕಾಗಿಲ್ಲ.

ಮಾತು ಸಡಿಲ, ಬರಹ ಶುದ್ಧ ಎಂಬ ತಿಳಿವಳಿಕೆಯಿಂದಲೇ ಈ ಎಡವಟ್ಟು ಹುಟ್ಟುವುದು. ಅಸಲಿಗೆ ವ್ಯತ್ಯಾಸ ಇರುವುದು ಸಮಯದಲ್ಲಿ. ಮಾತಾಡುವವರಿಗೆ ಮುಂದಿನ ತುಂಡನ್ನು ಯೋಚಿಸಲು ಅರೆಕ್ಷಣ ಬೇಕು. ‘ವೆಲ್’, ‘ಯು ನೋ’, ನಮ್ಮ ‘ಎಂತ ಹೇಳಿದ್ರೆ’ ಇರುವುದು ಆ ಕೆಲಸಕ್ಕೆ. ಕೇಳುವವರಿಗೆ ಹಿಂದಿನ ಸಾಲಿಗೆ ಹೋಗಿ ಮತ್ತೆ ನೋಡುವ ಅನುಕೂಲ ಇಲ್ಲ. ಅದಕ್ಕೇ ಮಾತು ಸಣ್ಣ ಸಣ್ಣ ತುಂಡುಗಳಾಗಿ ‘ಆಂಡ್’, ‘ಬಟ್’, ‘ಸೋ’ ಹಿಡಿದುಕೊಂಡು ಸಾಗುತ್ತದೆ.

ಇದನ್ನು ಎಣಿಸಿಯೇ ನೋಡಬಹುದು. ಆಗುಂಬೆ ಘಾಟಿಯಲ್ಲಿ ಮರ ಬಿದ್ದಿದೆ ಅಂತಿಟ್ಟುಕೊಳ್ಳಿ. ಬಾಯಲ್ಲಿ ಬರುವುದು: ‘ಎ ಟ್ರೀ ಕೇಮ್ ಡೌನ್ ಆನ್ ದ ಘಾಟ್, ಸೋ ದ ಬಸ್ ಗಾಟ್ ಸ್ಟಕ್, ಆಂಡ್ ವಿ ವರ್ ಆಲ್ ಲೇಟ್.’ ಮೂರು ಉಪವಾಕ್ಯ. ವ್ಯಾಕರಣಕ್ಕಷ್ಟೇ ಬೇಕಾದ ಪದಗಳನ್ನು ಬಿಟ್ಟು ತೂಕವಿರುವವನ್ನು ಎಣಿಸಿದರೆ ಟ್ರೀ, ಕೇಮ್, ಘಾಟ್, ಬಸ್, ಸ್ಟಕ್, ಲೇಟ್: ಆರು. ಉಪವಾಕ್ಯಕ್ಕೆ ಎರಡರಂತೆ ಬಿತ್ತು. ಇನ್ನು ಇಲಾಖೆಯ ವರದಿ: ‘ದ ಫಾಲ್ ಆಫ್ ಎ ಟ್ರೀ ಆನ್ ದ ಘಾಟ್ ಸೆಕ್ಷನ್ ರಿಸಲ್ಟೆಡ್ ಇನ್ ದ ಡಿಸ್ರಪ್ಷನ್ ಆಫ್ ಟ್ರಾಫಿಕ್.’ ಒಂದೇ ಉಪವಾಕ್ಯ, ಅದರಲ್ಲಿ ತೂಕದ ಪದ ಏಳು. ಭಾಷಾವಿಜ್ಞಾನಿ ಮೈಕಲ್ ಹ್ಯಾಲಿಡೇ ಈ ಲೆಕ್ಕವನ್ನು ಬಳಕೆಗೆ ತಂದವರು. ಹರಟೆಯಲ್ಲಿ ಉಪವಾಕ್ಯಕ್ಕೆ ಸುಮಾರು ಎರಡು, ಬರಹದಲ್ಲಿ ನಾಲ್ಕರಿಂದ ಆರು, ವಿಜ್ಞಾನದ ಬರಹದಲ್ಲಿ ಇನ್ನೂ ಹೆಚ್ಚು ಎಂಬುದು ಅವರ ಅಂದಾಜು.

ವರದಿಯಲ್ಲಿ ನಡೆದ ಕರಾಮತ್ತು ಇಷ್ಟೇ: ಬೀಳುವ ಕ್ರಿಯೆ ‘ಫಾಲ್’ ಎಂಬ ನಾಮಪದ ಆಯಿತು, ಕೆಡುವ ಕ್ರಿಯೆ ‘ಡಿಸ್ರಪ್ಷನ್’ ಆಯಿತು, ನಡುವೆ ಸೇತುವೆಯ ಹಾಗೆ ‘ರಿಸಲ್ಟೆಡ್ ಇನ್’ ಬಂತು. ತಡವಾದ ‘ನಾವು’ ಮಾಯ. ಕನ್ನಡ ಪತ್ರಿಕೆಯಲ್ಲೂ ‘ಮರ ಬಿತ್ತು, ಬಸ್ಸು ನಿಂತಿತು’ ಎಂಬುದು ‘ಮರ ಧರೆಗುರುಳಿದ ಪರಿಣಾಮ ಸಂಚಾರ ಅಸ್ತವ್ಯಸ್ತಗೊಂಡಿತು’ ಆಗುತ್ತದೆ. ಬಸ್ಸಿನಲ್ಲಿ ಕೂತು ಹಾಗೆ ಮಾತಾಡಿದವರನ್ನು ಪಕ್ಕದ ಸೀಟಿನವರು ತಿರುಗಿ ನೋಡಿಯಾರು.

ಬರಹವೆಲ್ಲ ಒಂದೇ ಜಾತಿಯದ್ದೂ ಅಲ್ಲ. ಸುದ್ದಿಯಲ್ಲಿ ಮುಖ್ಯ ವಿಷಯ ಮೊದಲ ಸಾಲಿನಲ್ಲೇ ಬೇಕು; ಮಾತಿನಲ್ಲಾದರೆ ನಡೆದ ಕ್ರಮದಲ್ಲೇ ಹೇಳುತ್ತ ಕೊನೆಗೆ ಮುಟ್ಟುತ್ತೇವೆ. ಕಾನೂನಿನ ಬರಹಕ್ಕೆ ಸರ್ವನಾಮ ಕಂಡರಾಗದು. ‘ಅದು ಅಂದರೆ ಯಾವುದು?’ ಎಂದು ಕೇಳಲು ಓದುವವನ ಎದುರು ಯಾರೂ ಇಲ್ಲದ್ದರಿಂದ ಕ್ರಯಪತ್ರದ ತುಂಬ ‘ಸದರಿ ಸ್ಥಿರಾಸ್ತಿ’, ಇಂಗ್ಲಿಷಿನಲ್ಲಿ ‘ದ ಸೆಡ್ ಪ್ರಾಪರ್ಟಿ’. ಕತೆಯ ಸಂಭಾಷಣೆ ಮಾತಿನ ವೇಷ ಹಾಕಿದ ಬರಹ. ನಿಜವಾದ ಮಾತಿನ ತೊದಲು, ಅರ್ಧಕ್ಕೆ ಬಿಟ್ಟ ವಾಕ್ಯಗಳನ್ನು ಹಾಗೆಯೇ ಅಚ್ಚು ಮಾಡಿದರೆ ಎರಡು ಪುಟ ದಾಟುವುದು ಕಷ್ಟ.

1988ರಲ್ಲಿ ಇನ್ನೊಬ್ಬ ಭಾಷಾವಿಜ್ಞಾನಿ ಡಗ್ಲಾಸ್ ಬೈಬರ್ 23 ಬಗೆಯ 481 ಇಂಗ್ಲಿಷ್ ಪಠ್ಯಗಳಲ್ಲಿ 67 ಭಾಷಾಲಕ್ಷಣಗಳನ್ನು ಎಣಿಸಿದಾಗ ಮಾತನ್ನೂ ಬರಹವನ್ನೂ ಪೂರ್ತಿ ಬೇರ್ಪಡಿಸುವ ಗೆರೆಯೇ ಸಿಗಲಿಲ್ಲ. ಆಪ್ತರ ನಡುವಿನ ಪತ್ರಗಳು ಹರಟೆಯ ಹತ್ತಿರ ಬಂದವು, ತಯಾರಿ ಮಾಡಿದ ಭಾಷಣಗಳು ಹರಟೆಯಿಂದ ದೂರ ಸರಿದವು. ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಕೇಳಿದವರಿಗೆ ಇದರಲ್ಲಿ ಆಶ್ಚರ್ಯ ಇರಲಾರದು. ಪಾತ್ರದ ಮಾತು ಆಡುವ ಅರ್ಥಧಾರಿಯ ಕೈಯಲ್ಲಿ ಚೀಟಿ ಇಲ್ಲ, ಎದುರಿನವರು ಏನು ಕೇಳುತ್ತಾರೆ ಎಂದು ಖಾತ್ರಿಯಿಲ್ಲ. ಆದರೂ ಭಾಗವತರ ಪದ್ಯ ಮುಗಿದ ಕೂಡಲೇ ಇಂಗ್ಲಿಷ್ ಪದ ನುಸುಳದ, ಕ್ರಿಯಾಪದದ ತನಕ ಎಲ್ಲೂ ಕಡಿಯದ ನೀಳ ವಾಕ್ಯಗಳು. ಆಶುವಾಗಿ ಹುಟ್ಟಿದ ಮಾತು, ಅಚ್ಚಿಗೆ ಹಾಕಿದರೆ ಗದ್ಯ.

ಇಂಗ್ಲಿಷ್ ಕಲಿಯುವವರು ಮುಗ್ಗರಿಸುವ ಜಾಗ ಮುಖ್ಯವಾಗಿ ಎರಡು. ಒಂದು, ಕಿವಿ. ಕನ್ನಡದಲ್ಲಿ ಅಕ್ಷರ ಅಕ್ಷರವೂ ಕೇಳಬೇಕು. ಇಂಗ್ಲಿಷ್ ಮಾತಿನಲ್ಲಿ ಒತ್ತು ಬಿದ್ದ ಪದ ಎದ್ದು ನಿಲ್ಲುತ್ತದೆ, ಉಳಿದವು ಕುಗ್ಗುತ್ತವೆ: ‘ವಾಟ್ ಆರ್ ಯು ಗೋಯಿಂಗ್ ಟು ಡು’ ಕಿವಿಗೆ ಬೀಳುವಾಗ ‘ವಾಚ ಗೊನ್ನ ಡೂ’. ಈ ಕುಗ್ಗಿಸುವುದು ಸೋಮಾರಿತನ ಅಲ್ಲ. ‘ಐ ಕ್ಯಾನ್ ಕಮ್’ ಎನ್ನುವಾಗ ‘ಕ್ಯಾನ್’ ಮೇಲೆ ಒತ್ತು ಹಾಕಿದರೆ, ಆಚೆಯವರು ‘ಕಾಂಟ್’ ಎಂದು ಕೇಳಿಸಿಕೊಳ್ಳುವ ಅಪಾಯ ಇದೆ. ಒತ್ತು ‘ಕಮ್’ಗೆ ಹೋಗಬೇಕು.

ಇನ್ನೊಂದು ‘ಓನ್ಲಿ’. ‘ಐ ಓನ್ಲಿ ಏಟ್ ಟೂ’ ಎಂದು ಬಾಯಲ್ಲಿ ಹೇಳಿದರೆ ‘ಟೂ’ ಮೇಲಿನ ಒತ್ತು ಅರ್ಥವನ್ನು ಕಾಯುತ್ತದೆ. ಕಾಗದಕ್ಕೆ ಒತ್ತು ಇಲ್ಲವಾದ್ದರಿಂದ ಪದವನ್ನೇ ಸರಿಸಿ ‘ಐ ಏಟ್ ಓನ್ಲಿ ಟೂ’ ಎಂದು ಬರೆಯುವುದು ಕ್ಷೇಮ. ಕನ್ನಡಕ್ಕೆ ಈ ಗೋಳಿಲ್ಲ. ‘ಎರಡೇ ನೀರುದೋಸೆ ತಿಂದದ್ದು’, ‘ನಾನೇ ತಿಂದದ್ದು’ ಎಂದು ‘ಏ’ಕಾರವೊಂದು ಬೇಕಾದ ಪದಕ್ಕೇ ಅಂಟಿಕೊಳ್ಳುತ್ತದೆ. ಅದೇ ‘ಏ’ಕಾರ ನಮ್ಮ ಇಂಗ್ಲಿಷಿಗೆ ಹೊಕ್ಕು ‘ಯೆಸ್ಟರ್‌ಡೇ ಓನ್ಲಿ ಐ ಟೋಲ್ಡ್’ ಆಗಿದೆ. ಮಂಗಳೂರಿನ ಹಂಪನಕಟ್ಟೆಯಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಈಮೇಲಿನಲ್ಲಿ ಬರೆದರೆ ಹೊರಗಿನವರು ‘ನಿನ್ನೆ ಮಾತ್ರ ಹೇಳಿದ್ದು, ಅದಕ್ಕೆ ಮೊದಲು ಹೇಳಿರಲಿಲ್ಲ’ ಎಂದು ಓದಿಕೊಂಡಾರು.

ರೆಕಾರ್ಡ್ ಮಾಡಿದ ಮಾತನ್ನು ಬರಹಕ್ಕೆ ಇಳಿಸುವವರು, ಭಾಷೆ ಯಾವುದೇ ಇರಲಿ, ಮೊದಲು ಮೂರು ನಿಮಿಷದಷ್ಟನ್ನು ಇದ್ದ ಹಾಗೆಯೇ ಬರೆದುಕೊಳ್ಳಿ. ಸಾಮಾನ್ಯ ವೇಗದ ಇಂಗ್ಲಿಷ್ ಆದರೆ 400ರಿಂದ 450 ಪದ ಆಗುತ್ತದೆ. ಆಮೇಲೆ ತೊದಲು, ಹೇಳಿದ್ದನ್ನೇ ಮತ್ತೆ ಹೇಳಿದ್ದು ತೆಗೆಯಿರಿ. ಮೂರನೆಯದಾಗಿ ‘ಇಲ್ಲಿ’, ‘ಮೊನ್ನೆ’, ‘ನಾಡಿದ್ದು’ ಎಂಬುದಕ್ಕೆಲ್ಲ ಊರು, ತಾರೀಕು ಹಾಕಿ. ವಾಕ್ಯ ಮುಗಿದ ಮೇಲೆ ಬಾಲದ ಹಾಗೆ ಬಂದದ್ದನ್ನು (‘ಬಂದಿದ್ರು ಅವ್ರು ನಿನ್ನೆ, ಉಡುಪಿಯಿಂದ’) ಕ್ರಿಯಾಪದಕ್ಕಿಂತ ಮೊದಲು ಬರುವ ಹಾಗೆ ತನ್ನಿ. ಕ್ರಿಯೆಗಳನ್ನು ನಾಮಪದ ಮಾಡುವ ಕೆಲಸಕ್ಕೆ ವರದಿ ಕೇಳಿದವರು ಇದ್ದರೆ ಮಾತ್ರ ಕೈಹಾಕಿ.

ಕತ್ತರಿ ಆಡಿಸುವಾಗ ತಪ್ಪುವುದು ಒಂದು ಕಡೆ. ‘ಅಂತ ಕಾಣ್ತದೆ’, ‘ಐ ಥಿಂಕ್’, ‘ಏನೋ’ ಇವೆಲ್ಲ ‘ಯು ನೋ’ ಜಾತಿಯವೆಂದು ಕಿತ್ತೆಸೆಯುತ್ತಾರೆ. ಕೆಲವು ಸಲ ಅವು ಬರೀ ಹೊಟ್ಟು ಹೌದು. ಆದರೆ ‘ದುಡ್ಡು ಅವರೇ ತೆಗೆದದ್ದು ಅಂತ ಕಾಣ್ತದೆ’ ಎಂಬಲ್ಲಿ ಕೊನೆಯ ಎರಡು ಪದ ಹೋದರೆ ಸಂಶಯ ಇದ್ದದ್ದು ಆರೋಪ ಆಗುತ್ತದೆ. ಅಚ್ಚಿಗೆ ಕಳಿಸುವ ಮೊದಲು ಹೇಳಿದವರಿಗೆ ಒಮ್ಮೆ ಓದಿ ಹೇಳಿ. ‘ನಾನು ಹಾಗೆ ಹೇಳಲಿಲ್ಲ ಮಾರಾಯ್ರೆ’ ಎಂಬ ತಕರಾರು ಬರುವುದು ಹೆಚ್ಚಾಗಿ ಇದೇ ಸಾಲುಗಳ ಮೇಲೆ.