ಅಪ್ಪಯ್ಯನ ಕಸಿ ಚಾಕು

ಮಾರ್ಚಲ್ಲಿ ಅಪ್ಪಯ್ಯ ಇಂಗ್ಲೆಂಡಿಗೆ ಬಂದಾಗ ಚೆಕ್ಇನ್ ಸೂಟ್‌ಕೇಸಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬಿ ಪಕ್ಕ ಬನಿಯನ್ನಲ್ಲಿ ಸುತ್ತಿಟ್ಟು ತನ್ನ ಕಸಿ ಚಾಕೂ ತಂದಿದ್ದ. ನಮ್ಮೂರು ಶಿರಸಿ ಹತ್ರ. ಒಳ್ಳೇ ಅಪ್ಪೆ ಮರ ಎಲ್ಲಿದೆ ಅಂತ ಹುಡುಕ್ಕೊಂಡು ಅಘನಾಶಿನಿ ಹೊಳೆ ಬುಡದಲ್ಲೆಲ್ಲ ಓಡಾಡಿ ಕಡ್ಡಿ ತಂದು ಕಸಿ ಕಟ್ಟೋದು ಅಪ್ಪಯ್ಯನಿಗೆ ಮೊದಲಿಂದ್ಲೂ ಇರೋ ಹುಚ್ಚು, ಹಾಗಾಗಿ ಅಂಗಿ ಕಿಸೇಲಿ ಚಾಕು ಇಲ್ದೆ ಅವನು ಮನೆಯಿಂದ ಹೊರಗೆ ಕಾಲಿಟ್ಟಿದ್ದು ನಾನಂತೂ ನೋಡಿಲ್ಲ.

ನಮ್ಮ ಪಕ್ಕದ್ಮನೆ ಅಜ್ಜನಿಗೆ ಒಂದು ಅಲಾಟ್‌ಮೆಂಟ್ ಇದೆ. ಕೌನ್ಸಿಲಿನವರು ತರಕಾರಿ ಬೆಳ್ಕೊಳ್ಳೋಕೆ ಬಾಡಿಗೆಗೆ ಕೊಡೋ ತುಂಡು ಜಾಗ ಅದು. ಅಲ್ಲಿ ಒಂದು ಹಳೇ ಸೇಬಿನ ಮರ ಸಾಯೋ ಹಂಗಾಗಿತ್ತು. ಶನಿವಾರ ಅಪ್ಪಯ್ಯ ಅದರ ಕಡ್ಡಿ ತಗೊಂಡು ಐದು ಸಸಿಗೆ ಕಸಿ ಕಟ್ಟಿದ. ಒಬ್ರಿಗೆ ಕನ್ನಡ ಬರಲ್ಲ ಇನ್ನೊಬ್ರಿಗೆ ಇಂಗ್ಲಿಷ್ ಬರಲ್ಲ, ಆದ್ರೂ ಮೂರು ಗಂಟೆ ಇಬ್ರೂ ಬಗ್ಗಿ ಕೂತು ಕೆಲ್ಸ ಮಾಡಿದ್ರು, ನಾನು ಸುಮ್ನೆ ಕಸಿಗೆ ಸುತ್ತೋ ಪಟ್ಟಿ ಹಿಡ್ಕೊಂಡು ನಿಂತಿದ್ದೆ.

ಮಾರನೇ ದಿನ ಭಾನುವಾರ ಮ್ಯೂಸಿಯಂ ತೋರ್ಸೋಣ ಅಂತ ಬಸ್ ಹತ್ತಿದ್ವಿ. ಅಪ್ಪಯ್ಯ ಹಾಕ್ಕೊಂಡಿದ್ದು ನಿನ್ನೇದೇ ಜಾಕೆಟ್ಟು. ನಾಲ್ಕು ಸ್ಟಾಪ್ ಆಗಿರ್ಬೇಕು, ನಾನು ಫೋನ್ ನೋಡ್ತಿದ್ದೆ, ಟಕ್ ಅಂತ ಸದ್ದಾಯ್ತು. ತಿರುಗಿ ನೋಡಿದ್ರೆ ಅಪ್ಪಯ್ಯ ಚಾಕು ಬಿಚ್ಚಿ ಆರಾಮಾಗಿ ಕಿತ್ತಳೆ ಸುಲೀತಿದಾನೆ! ಎದುರು ಸೀಟಿನ ಹೆಂಗಸು ಮಗಳನ್ನ ಎಳ್ಕೊಂಡು ಎದ್ದು ಹಿಂದಕ್ಕೆ ಹೋದ್ಳು. ಅಲ್ಲಿವರೆಗೂ ಗಲಾಟೆ ಮಾಡ್ತಿದ್ದ ಹುಡುಗ್ರು ಗಪ್‌ಚುಪ್. ನನ್ನ ಕೈ ತಣ್ಣಗಾಗೋಯ್ತು.

"ಅಪ್ಪಯ್ಯ, ಒಳಗ್ ಹಾಕು, ಈಗ್ಲೇ ಹಾಕು" ಅಂದೆ.

"ಎಂತ ಆತೋ ತಮ್ಮಾ? ಕಿತ್ತಳೆ ಸುಲಿಯಲಾಗ್ದಾ?"

ಮುಂದಿನ ಸ್ಟಾಪಲ್ಲೇ ಇಳಿಸ್ಕೊಂಡು ಮನೆವರೆಗೂ ನಡೆಸ್ಕೊಂಡೇ ಬಂದೆ. ದಾರೀಲಿ ಪೊಲೀಸ್ ವ್ಯಾನ್ ಹೋದಾಗ ಎದೆ ಹೊಡ್ಕೊಳ್ತಿತ್ತು. ಸಿಕ್ಕಿಬಿದ್ರೆ ಏನು ಹೇಳ್ಲಿ, ಅವನಿಗೆ ಭಾಷೆ ಬೇರೆ ಬರಲ್ಲ.

ರಾತ್ರಿ ಕೂತು ಕಾನೂನು ಪೂರ್ತಿ ಓದ್ದೆ. 1988ರ ಕ್ರಿಮಿನಲ್ ಜಸ್ಟಿಸ್ ಆಕ್ಟ್, ಸೆಕ್ಷನ್ 139. ಮಡಚೋ ಚಾಕು, ಅಲಗಿನ ಬಾಯಿ 3 ಇಂಚು ಮೀರದೇ ಇದ್ರೆ ಕಾರಣ ಇಲ್ದೆನೂ ಕಿಸೇಲಿ ಇಟ್ಕೋಬಹುದು. ಟೇಪ್ ಹಿಡಿದು ಅಳೆದೆ, ಅಪ್ಪಯ್ಯಂದು ಎರಡು ಮುಕ್ಕಾಲು ಇಂಚು. ಅಬ್ಬಾ ಅಂದ್ಕೊಂಡೆ. ಆದ್ರೆ ಮುಂದೆ ಓದಿದ್ರೆ, ಬಿಚ್ಚಿದ ಮೇಲೆ ಲಾಕ್ ಆಗೋ ಚಾಕುವನ್ನ ಇಲ್ಲಿನ ಕೋರ್ಟು ಮಡಚೋ ಚಾಕು ಅಂತ ಒಪ್ಪೋದೇ ಇಲ್ಲ, ಅಲಗು ಎಷ್ಟೇ ಚಿಕ್ಕದಿದ್ರೂ ಅದನ್ನ ಹೊರಗೆ ಒಯ್ಯೋಕೆ ಸರಿಯಾದ ಕಾರಣ ಬೇಕು, ಇಲ್ದಿದ್ರೆ ನಾಲ್ಕು ವರ್ಷದವರೆಗೂ ಜೈಲು.

ಅಪ್ಪಯ್ಯನ ಚಾಕೂ ಲಾಕ್ ಆಗೋದೇ. ಲಾಕ್ ಯಾಕಿದೆ ಅಂತ ನಂಗೊತ್ತು. ಹಳೇ ಚಾಕು ಒಂದಿನ ಕಡ್ಡಿ ಸೀಳೋವಾಗ ಮಡಚ್ಕೊಂಡು ಅಪ್ಪಯ್ಯನ ತೋರುಬೆರಳು ಎಲುಬಿನವರೆಗೂ ಕುಯ್ದಿತ್ತು, ಆಮೇಲೇ ಲಾಕ್ ಇರೋದು ಹುಡುಕಿ ತಗೊಂಡಿದ್ದು. ಬೆರಳು ಉಳಿಸೋ ಆ ಚಿಕ್ಕ ಲಾಕಿಂದ್ಲೇ ಅದು ಅಪರಾಧ ಆಗೋದು ಅಂದ್ರೆ ನಂಗೆ ಈಗ್ಲೂ ಬೇಜಾರಾಗತ್ತೆ.

ಕೆಲಸಕ್ಕೆ ಅಂತ ಒಯ್ದ್ರೆ ಅದು ಸರಿಯಾದ ಕಾರಣವೇ, ಸಿಖ್ಖರ ಕಿರ್ಪಾಣಕ್ಕೂ ಅವಕಾಶ ಇದೆ. ಅಂದ್ರೆ ಶನಿವಾರ ಇದೇ ಚಾಕು ಇದೇ ಕಿಸೇಲಿ ಇದ್ದಿದ್ದು ತಪ್ಪಲ್ಲ, ಭಾನುವಾರ ತಪ್ಪು. ಮರೆತು ಕಿಸೇಲೇ ಉಳೀತು ಸ್ವಾಮಿ ಅಂದ್ರೆ, ಬರೀ ಮರೆವು ಕಾರಣ ಆಗಲ್ಲ. ಆತ್ಮರಕ್ಷಣೆಗೆ ಇಟ್ಕೊಂಡಿದೀನಿ ಅಂತ ಸುಮ್ನೆ ಹೇಳಿದ್ರೂ ನಡೆಯಲ್ಲ.

ಊರಲ್ಲಿ ಹೆಗಲ ಮೇಲೆ ಕತ್ತಿ ಇಟ್ಕೊಂಡು ಪೇಟೆ ದಾಟಿದ್ರೂ ಯಾರೂ ತಿರುಗಿ ನೋಡಲ್ಲ. ನಮ್ಮ ದೇಶದ ಆರ್ಮ್ಸ್ ರೂಲ್ಸ್, ಅಂದ್ರೆ ಆಯುಧಗಳ ನಿಯಮದ ಪ್ರಕಾರ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ರೆ ಆಯುಧದ ಪಟ್ಟಿಗೆ ಬರತ್ತೆ, ಅದ್ರಲ್ಲೂ ಮನೆ ಕೆಲ್ಸದ್ದು, ಕೃಷಿದು ಹೊರಗೆ. ಹಂಗಂತ ಎಲ್ಲಾ ಕಡೆ ಸಲೀಸಿಲ್ಲ, ದೆಹಲೀಲಿ 1980ರ ಒಂದು ಅಧಿಸೂಚನೆ ಬಟನ್ ಒತ್ತಿದ್ರೆ ಬಿಚ್ಕೊಳ್ಳೋ ಚಾಕುಗೆ 7.62 ಸೆಂಟಿಮೀಟರ್ ಗೆರೆ ಹಾಕಿದೆ, ಅದೂ ಸರಿಯಾಗಿ 3 ಇಂಚೇ.

ಬೆಳಿಗ್ಗೆ ಅಪ್ಪಯ್ಯನಿಗೆ ಇದೆಲ್ಲ ಹೇಳಿದೆ. ಅವನಿಗೆ ಸಿಟ್ಟೇ ಬಂತು. "ಲಾಕ್ ಇಲ್ದಿದ್ರೆ ಬೆರಳು ಹೋಗ್ತು, ಅದು ಇವಕ್ಕೆ ಗೊತ್ತಿಲ್ಯಾ?" ಅಂದ. ವಾದ ಮಾಡೋಕೆ ಹೋಗ್ಲಿಲ್ಲ, ಕರ್ಕೊಂಡು ಹೋಗಿ ನಮ್ಮ ಬೀದಿ ಕೊನೆಯ ಬಸ್ ಸ್ಟಾಪ್ ತೋರ್ಸಿದೆ. ಅಲ್ಲಿ ಚಾಕು ಇರಿತಕ್ಕೆ ಸತ್ತ ಒಬ್ಬ ಹುಡುಗನ ನೆನಪಿಗೆ ಕಂಬಕ್ಕೆ ಕಟ್ಟಿದ ಹೂವು, ಒಂದು ಫುಟ್‌ಬಾಲ್ ಶರ್ಟು, ಪ್ಲಾಸ್ಟಿಕ್ ಕವರಲ್ಲಿ ಹಾಕಿದ ಫೋಟೋ. ಪ್ರಾಯ ಎಷ್ಟು ಅಂತ ಕೇಳ್ದ. ಹದಿನಾರು ಅಂದೆ. ಅಪ್ಪಯ್ಯ ಟೋಪಿ ತೆಗೆದು ತುಂಬಾ ಹೊತ್ತು ಅಲ್ಲೇ ನಿಂತ. ಮನೆಗೆ ಬಂದವನೇ ಚಾಕು ತಗೊಂಡು ಹೋಗಿ ಸೂಟ್‌ಕೇಸಿನ ತಳಕ್ಕೆ, ಅದೇ ಬನಿಯನ್ನಲ್ಲಿ ಸುತ್ತಿ ಇಟ್ಟ. ವಾಪಸ್ ಹೋಗೋವರೆಗೂ ಹೊರಗೆ ತೆಗೀಲಿಲ್ಲ, ಆದ್ರೆ ಕೈ ಮಾತ್ರ ದಿನಾ ಖಾಲಿ ಕಿಸೆ ತಡಕ್ತಿತ್ತು.

ಮೇ ತಿಂಗಳಲ್ಲಿ ಸೇಬಿನ ಸಸಿಗಳ ಫೋಟೋ ಕಳ್ಸಿದೆ. ಐದು ನಿಮಿಷದಲ್ಲೇ ಫೋನು.

"ಐದ್ರಲ್ಲಿ ನಾಕು ಹಿಡದ್ದು ನೋಡು! ಪಟ್ಟಿ ಬಿಚ್ಚಕ್ಕು ಹೇಳು ಅಜ್ಜಂಗೆ. ಎಳೆಯಲಾಗ, ಬ್ಲೇಡಲ್ಲಿ ಹಗೂರ ಸೀಳಕ್ಕು."