ವಾಂಡ್ಸ್‌ವರ್ತ್ ಕೈಬದಲಾದದ್ದು ಬೋರಿಸ್ ಜಾನ್ಸನ್ ಅವರಿಂದಲೇ?

ಲಂಡನ್ನಿನ ಸ್ಥಳೀಯ ಚುನಾವಣೆಗಳ ಮಾತು ಬಂದಾಗಲೆಲ್ಲ ಊರಿನ ನೆಂಟರೂ ಇಲ್ಲಿಯ ಕನ್ನಡಿಗ ಗೆಳೆಯರೂ ನನ್ನನ್ನು ಕೇಳುವ ಪ್ರಶ್ನೆ ಒಂದಿದೆ. 1978ರಿಂದ ಕನ್ಸರ್ವೇಟಿವ್ ಪಕ್ಷದ ಭದ್ರಕೋಟೆಯಾಗಿದ್ದ ದಕ್ಷಿಣ ಲಂಡನ್ನಿನ ವಾಂಡ್ಸ್‌ವರ್ತ್ ಬರೋ (ತನ್ನದೇ ಚುನಾಯಿತ ಕೌನ್ಸಿಲ್ ಇರುವ ನಗರದ ಆಡಳಿತ ವಿಭಾಗ) 2022ರ ಮೇ ತಿಂಗಳಲ್ಲಿ ಲೇಬರ್ ಪಕ್ಷದ ಪಾಲಾದದ್ದು ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ಅವರ ಮೇಲಿನ ಸಿಟ್ಟಿನಿಂದಲೇ ಅಲ್ಲವೇ, ಎಂಬುದು ಆ ಪ್ರಶ್ನೆ. ಸಿಟ್ಟು ಇದ್ದದ್ದು ನಿಜ. ಲಾಕ್‌ಡೌನ್ ಕಾಲದ ಕೂಟಗಳ ವಿಚಾರದಲ್ಲಿ ಪೊಲೀಸರು ಪ್ರಧಾನಿಗೇ ದಂಡ ಹಾಕಿ ಆಗ ತಿಂಗಳೂ ತುಂಬಿರಲಿಲ್ಲ. ಆದರೂ ನನ್ನ ಉತ್ತರ ‘ಅಷ್ಟೇ ಅಲ್ಲ’ ಎಂಬುದು. ಏಕೆಂದರೆ ಕೇಂದ್ರ ಸರ್ಕಾರದ ಮೇಲಿನ ಸಿಟ್ಟು ಈ ಬರೋದಲ್ಲಿ ಹಿಂದೆಯೂ ಉಕ್ಕಿ ಬಂದಿತ್ತು, ಮತ್ತು ಆಗ ಅದು ಕನ್ಸರ್ವೇಟಿವ್ ಪಕ್ಷದ ಕೂದಲನ್ನೂ ಕೊಂಕಿಸಿರಲಿಲ್ಲ.

1990ರ ಉದಾಹರಣೆಯನ್ನೇ ನೋಡಿ. ಮಾರ್ಗರೇಟ್ ಥ್ಯಾಚರ್ ಸರ್ಕಾರ ಮನೆಯ ಬೆಲೆಯನ್ನು ನೋಡದೆ ತಲೆಗಿಷ್ಟು ಎಂದು ವಸೂಲಿ ಮಾಡುವ ಪೋಲ್ ಟ್ಯಾಕ್ಸ್ ತಂದು ಇಡೀ ದೇಶವನ್ನು ಎದುರು ಹಾಕಿಕೊಂಡಿತ್ತು. ಲಂಡನ್ನಿನ ಬೀದಿಗಳಲ್ಲಿ ಗಲಭೆಯಾಗಿತ್ತು. ಅದೇ ವಸಂತದಲ್ಲಿ ನಡೆದ ಚುನಾವಣೆಯಲ್ಲಿ ವಾಂಡ್ಸ್‌ವರ್ತ್ ಉಳಿದ ಹೆಚ್ಚಿನ ಕಡೆಗಳಿಗೆ ತದ್ವಿರುದ್ಧವಾಗಿ ನಡೆದುಕೊಂಡಿತು. ಅದಕ್ಕೆ ನಾಲ್ಕು ವರ್ಷ ಮೊದಲು, 1986ರಲ್ಲಿ, 31ಕ್ಕೆ 30 ಎಂಬಂತೆ ಒಂದೇ ಸ್ಥಾನದ ಅಂತರದಲ್ಲಿ ಅಧಿಕಾರ ಉಳಿಸಿಕೊಂಡಿದ್ದ ಕನ್ಸರ್ವೇಟಿವ್ ಪಕ್ಷ 1990ರಲ್ಲಿ 48 ಸ್ಥಾನ ಗೆದ್ದು ಲೇಬರ್ ಪಕ್ಷವನ್ನು 13ಕ್ಕೆ ಇಳಿಸಿತು. ದೇಶವೆಲ್ಲ ಶಪಿಸುತ್ತಿದ್ದ ತೆರಿಗೆಯನ್ನು ಈ ಕೌನ್ಸಿಲ್ ತನ್ನ ಮಟ್ಟಿಗೆ ತೀರ ಕಡಿಮೆ ದರದಲ್ಲಿ ವಿಧಿಸಿದ್ದೇ ಇದರ ಗುಟ್ಟು. ಪಕ್ಕದ ಬರೋದವರು ಕಟ್ಟುವುದಕ್ಕಿಂತ ತಾವು ಕಟ್ಟುವುದು ಎಷ್ಟು ಕಡಿಮೆ ಎಂಬ ಲೆಕ್ಕ ಅಲ್ಲಿಯ ಮತದಾರರಿಗೆ ಚೆನ್ನಾಗಿ ಗೊತ್ತಿತ್ತು.

ಆ ಲೆಕ್ಕ ಮುಂದಿನ ಮೂರು ದಶಕಗಳಲ್ಲಿಯೂ ಮಾಸಲಿಲ್ಲ. ಪೋಲ್ ಟ್ಯಾಕ್ಸ್ ಹೋಗಿ 1993ರಲ್ಲಿ ಮನೆಯ ಬೆಲೆಯ ಆಧಾರದ ಕೌನ್ಸಿಲ್ ಟ್ಯಾಕ್ಸ್ ಬಂದ ಮೇಲೂ ಇಡೀ ದೇಶದಲ್ಲಿ ಅತಿ ಕಡಿಮೆ ತೆರಿಗೆ ವಿಧಿಸುವ ಕೌನ್ಸಿಲ್‌ಗಳ ಪಟ್ಟಿಯ ತುದಿಯಲ್ಲಿ ವಾಂಡ್ಸ್‌ವರ್ತ್ ಹೆಸರು ಇದ್ದೇ ಇರುತ್ತಿತ್ತು. ಟೂಟಿಂಗ್‌ನ (ಇದೇ ಬರೋದ ಒಂದು ಭಾಗ) ಜನರು ಸಂಸತ್ತಿಗೆ ಪ್ರತಿ ಬಾರಿಯೂ ಲೇಬರ್ ಸದಸ್ಯರನ್ನೇ ಕಳುಹಿಸುತ್ತ ಬಂದಿದ್ದಾರೆ. ಈಗ ಲಂಡನ್ ಮೇಯರ್ ಆಗಿರುವ ಸಾದಿಕ್ ಖಾನ್ ಅಲ್ಲಿಯ ಸಂಸದರಾಗಿದ್ದವರು. ಅದಕ್ಕೂ ಮೊದಲಿನಿಂದಲೇ, 1994ರಿಂದ 2006ರವರೆಗೆ, ಇದೇ ಕೌನ್ಸಿಲ್‌ನ ವಿರೋಧ ಪಕ್ಷದ ಸಾಲಿನಲ್ಲಿ ಕುಳಿತಿದ್ದವರು. 2019ರ ಡಿಸೆಂಬರ್ ವೇಳೆಗೆ ಬರೋದ ಮೂರೂ ಸಂಸತ್ ಕ್ಷೇತ್ರಗಳು, ಅಂದರೆ ಟೂಟಿಂಗ್, ಬ್ಯಾಟರ್ಸೀ ಮತ್ತು ಪಟ್ನಿ, ಲೇಬರ್ ಕೈಯಲ್ಲಿದ್ದವು. ಆದರೂ ಕೌನ್ಸಿಲ್ ಮಾತ್ರ ಕನ್ಸರ್ವೇಟಿವ್ ಪಕ್ಷದ್ದಾಗಿಯೇ ಉಳಿದಿತ್ತು, ಮತ್ತು 2011ರಿಂದ ಅದರ ನಾಯಕತ್ವ ಭಾರತೀಯ ಮೂಲದ ರವಿ ಗೋವಿಂದಿಯಾ ಅವರದಾಗಿತ್ತು. ಲೋಕಸಭೆಗೊಂದು, ವಿಧಾನಸಭೆಗೊಂದು ಎಂದು ಬೇರೆ ಬೇರೆ ಪಕ್ಷಗಳಿಗೆ ಮತ ಹಾಕಿ ರೂಢಿಯಿರುವ ಕರ್ನಾಟಕದ ಮತದಾರರಿಗೆ ಇದನ್ನು ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ಹಾಗಾದರೆ 2022ರಲ್ಲಿ ಬದಲಾದದ್ದೇನು? ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು ಲೇಬರ್ ಪಕ್ಷದ ಒಂದೇ ಒಂದು ಭರವಸೆ: ತಾವು ಗೆದ್ದರೂ ಕೌನ್ಸಿಲ್ ಟ್ಯಾಕ್ಸ್ ಹೀಗೆಯೇ ಕಡಿಮೆ ಇರುತ್ತದೆ. ಎದುರಾಳಿಯ ಅತ್ಯಂತ ಜನಪ್ರಿಯ ನೀತಿಯನ್ನು ಟೀಕಿಸುವುದರ ಬದಲು ಅದನ್ನು ಹಾಗೆಯೇ ಮುಂದುವರಿಸುತ್ತೇವೆ ಎಂದು ಹೇಳಿದ ಮೇಲೆ, ‘ಅವರು ಬಂದರೆ ನಿಮ್ಮ ತೆರಿಗೆ ಏರುತ್ತದೆ’ ಎಂದು ಕನ್ಸರ್ವೇಟಿವ್ ಪಕ್ಷ ಬಹುಕಾಲ ಬಳಸಿದ ಎಚ್ಚರಿಕೆಯ ಮೊನೆ ಮೊಂಡಾಯಿತು. ಆಗ ಮಾತ್ರ ಉಳಿದ ಕಾರಣಗಳಿಗೆ ಕೆಲಸ ಮಾಡಲು ಜಾಗ ಸಿಕ್ಕಿತು. 2016ರ ಜನಮತಗಣನೆಯಲ್ಲಿ ಈ ಬರೋದ ಸುಮಾರು ಶೇಕಡ 75ರಷ್ಟು ಮತದಾರರು ಯುರೋಪಿಯನ್ ಒಕ್ಕೂಟದಲ್ಲಿಯೇ ಇರಬೇಕೆಂದಿದ್ದರು. ಬ್ರೆಕ್ಸಿಟ್ ಮಾಡಿ ಮುಗಿಸಿದ ಪಕ್ಷದ ಮೇಲೆ ಅವರಿಗೆ ಅಸಮಾಧಾನ ಇದ್ದದ್ದು ಸಹಜ. 2018ರಲ್ಲಿಯೇ ಕನ್ಸರ್ವೇಟಿವ್ ಬಲ 41ರಿಂದ 33ಕ್ಕೆ ಕುಸಿದಿತ್ತು. ಜಾನ್ಸನ್ ಅವರ ಕೂಟಗಳ ಹಗರಣ ಇವೆಲ್ಲದರ ಮೇಲೆ ಬಂದು ಕೂತಿತು.

ಹಗರಣವೊಂದೇ ಕಾರಣವೆನ್ನುವವರು ಅದೇ ಚುನಾವಣೆಯ ಬೇರೆ ಫಲಿತಾಂಶಗಳನ್ನೂ ನೋಡಬೇಕು. ವೆಸ್ಟ್‌ಮಿನ್‌ಸ್ಟರ್ ಮತ್ತು ಬಾರ್ನೆಟ್ ಎರಡೂ ಲೇಬರ್ ಕಡೆ ವಾಲಿದ್ದು ನಿಜ. ಆದರೆ ವಾಯವ್ಯ ಲಂಡನ್ನಿನ ಹ್ಯಾರೋ, ಗುಜರಾತಿಗಳು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಬರೋ, ಲೇಬರ್ ಕೈಯಿಂದ ಜಾರಿ 31ಕ್ಕೆ 24ರಂತೆ ಕನ್ಸರ್ವೇಟಿವ್ ಪಕ್ಷಕ್ಕೆ ಹೋಯಿತು. 2020ರಲ್ಲಿ ಲೇಬರ್ ಆಡಳಿತದಡಿ ಕೌನ್ಸಿಲ್ ದಿವಾಳಿಯ ಅಂಚಿಗೆ ಬಂದಿದ್ದ ಕ್ರಾಯ್ಡನ್‌ನಲ್ಲಿ ಮತದಾರರು ನೇರವಾಗಿ ಆರಿಸಿದ ಮೊದಲ ಮೇಯರ್ ಕನ್ಸರ್ವೇಟಿವ್ ಪಕ್ಷದವರು. ಪ್ರಧಾನಿ ಎಲ್ಲರಿಗೂ ಒಬ್ಬರೇ ಆಗಿದ್ದರು. ಕೌನ್ಸಿಲ್‌ಗಳು ಮಾತ್ರ ಬೇರೆ ಬೇರೆ.

ಇನ್ನು ಫಲಿತಾಂಶದ ಅಂಕಿಗಳು. 2022ರ ಮೇ 5ರಂದು ಮತದಾನ ನಡೆಯಿತು. ವಾರ್ಡ್‌ಗಳ ಗಡಿಯನ್ನು ಹೊಸದಾಗಿ ಎಳೆದು, 20 ವಾರ್ಡ್‌ಗಳ 60 ಸ್ಥಾನಗಳಿದ್ದದ್ದನ್ನು 22 ವಾರ್ಡ್‌ಗಳ 58 ಸ್ಥಾನಗಳಾಗಿ ಮಾಡಲಾಗಿತ್ತು. ಲೇಬರ್ 35, ಕನ್ಸರ್ವೇಟಿವ್ 22, ಪಕ್ಷೇತರ ಒಂದು. ಆ ಒಬ್ಬರು ವೆಸ್ಟ್ ಹಿಲ್ ವಾರ್ಡ್‌ನ ಮಾಲ್ಕಮ್ ಗ್ರಿಮ್‌ಸ್ಟನ್. ಕನ್ಸರ್ವೇಟಿವ್ ಪಕ್ಷ ಬಿಟ್ಟು 2018ರಲ್ಲಿಯೂ 2022ರಲ್ಲಿಯೂ ಸ್ವಂತ ಹೆಸರಿನ ಮೇಲೆಯೇ ಗೆದ್ದವರು. ಇಂಥ ಗೆಲುವು ಸಾಧ್ಯವಾಗುವುದು ಇಲ್ಲಿಯ ಮತಪತ್ರದ ಸ್ವರೂಪದಿಂದ. ವಾರ್ಡ್‌ನಲ್ಲಿ ಮೂರು ಸ್ಥಾನಗಳಿದ್ದರೆ ಮತದಾರರಿಗೆ ಮೂರು ಮತ. ಉದ್ದನೆಯ ಹಾಳೆಯಲ್ಲಿ ಎಲ್ಲ ಅಭ್ಯರ್ಥಿಗಳ ಹೆಸರುಗಳು, ಕುಲನಾಮದ ಅಕ್ಷರಕ್ರಮದಲ್ಲಿ, ಪಕ್ಷದ ಗುರುತಿನೊಂದಿಗೆ ಇರುತ್ತವೆ. ದಾರ ಕಟ್ಟಿ ಇಟ್ಟಿರುವ ಪೆನ್ಸಿಲ್ಲಿನಿಂದ ಮೂವರ ಎದುರು ಗುಣಾಕಾರದ ಗುರುತು ಹಾಕಬೇಕು. ಮೂರನ್ನೂ ಒಂದೇ ಪಕ್ಷಕ್ಕೆ ಕೊಡಬಹುದು, ಹಂಚಲೂಬಹುದು, ಒಂದನ್ನು ಮಾತ್ರ ಹಾಕಿ ಬರಲೂಬಹುದು. ಹೆಚ್ಚಿನವರು ಒಂದೇ ಪಕ್ಷಕ್ಕೆ ಹಾಕುವುದರಿಂದ ಅಲ್ಪ ಮುನ್ನಡೆಯಿದ್ದ ಪಕ್ಷ ಮೂರೂ ಸ್ಥಾನಗಳನ್ನು ಬಾಚಿಕೊಳ್ಳುತ್ತದೆ. ಲೂಯಿಶಮ್ ಬರೋದಲ್ಲಿ 2018ರಲ್ಲಿಯೂ 2022ರಲ್ಲಿಯೂ 54ಕ್ಕೆ 54 ಸ್ಥಾನಗಳನ್ನು ಲೇಬರ್ ಒಂದೇ ಗೆದ್ದದ್ದು ಹೀಗೆ. ವಿರೋಧ ಪಕ್ಷವೇ ಇಲ್ಲದ ಸಭಾಂಗಣ ಯಾರಿಗೂ ಒಳ್ಳೆಯದಲ್ಲವೆಂದು ನನಗನ್ನಿಸುತ್ತದೆ. ಆದ್ದರಿಂದ 35 ಮತ್ತು 22ರ ನಡುವಿನ ಅಂತರವನ್ನು ಜನಾಭಿಪ್ರಾಯದ ಅಂತರವೆಂದೇ ಓದಬಾರದು. ಪ್ರತಿ ವಾರ್ಡ್‌ನಲ್ಲಿ ಕೊನೆಯದಾಗಿ ಗೆದ್ದವರಿಗೂ ಮೊದಲು ಸೋತವರಿಗೂ ಎಷ್ಟು ಮತಗಳ ಅಂತರವಿತ್ತೆಂದು ನೋಡಬೇಕು.

ಇದರ ಜೊತೆಗೇ ಬರುವ ಉಪಪ್ರಶ್ನೆಯೊಂದಿದೆ: ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರಿಗೆ ಇಲ್ಲಿ ಮತದಾನದ ಹಕ್ಕು ಎಲ್ಲಿಂದ ಬಂತು? ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಇಲ್ಲಿ ಕಾನೂನುಬದ್ಧವಾಗಿ ನೆಲೆಸಿದ್ದು, ಮತದಾರರ ಪಟ್ಟಿಯಲ್ಲಿ ಹೆಸರು ನೋಂದಾಯಿಸಿಕೊಂಡರೆ ಮತ ಹಾಕಬಹುದು. 2022ರಲ್ಲಿ ಮತಗಟ್ಟೆಯಲ್ಲಿ ಹೆಸರು, ವಿಳಾಸ ಹೇಳಿದರೆ ಸಾಕಾಗುತ್ತಿತ್ತು. 2023ರಿಂದ ಭಾವಚಿತ್ರವಿರುವ ಗುರುತಿನ ದಾಖಲೆ ಬೇಕು, ಅದಕ್ಕೆ ಭಾರತದ ಪಾಸ್‌ಪೋರ್ಟ್ ಕೂಡ ಆಗುತ್ತದೆ. ಮತ ಹಾಕುವುದಷ್ಟೇ ಅಲ್ಲ, ಕಲಬುರಗಿಯಿಂದ ಬಂದ ನೀರಜ್ ಪಾಟೀಲ್ ಪಕ್ಕದ ಲ್ಯಾಂಬೆತ್ ಬರೋದ ಕೌನ್ಸಿಲರ್ ಆಗಿ, 2010ರಲ್ಲಿ ಅದರ ಮೇಯರ್ ಆದರು. ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್‌ನಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯ ಹಿಂದೆ ಅವರ ಪ್ರಯತ್ನವಿತ್ತು. (ಅಲ್ಲಿಯ ಮೇಯರ್ ಹುದ್ದೆ ಸರಪಳಿ ಧರಿಸಿ ಸಮಾರಂಭಗಳಿಗೆ ಹೋಗುವಂಥದ್ದು; ಅಧಿಕಾರವಿರುವುದು ಕೌನ್ಸಿಲ್‌ನ ನಾಯಕರಲ್ಲಿ. ವಾಂಡ್ಸ್‌ವರ್ತ್‌ನಲ್ಲಿಯೂ ಹಾಗೆಯೇ.)

ಗೆದ್ದ ಮೇಲೆ ಲೇಬರ್ ಮಾಡಿದ್ದೇನು ಎಂಬುದರಲ್ಲಿಯೂ ನನ್ನ ಉತ್ತರಕ್ಕೆ ಆಧಾರವಿದೆ. ಸೈಮನ್ ಹಾಗ್ ನಾಯಕತ್ವದ ಹೊಸ ಆಡಳಿತ 2023ರ ಬಜೆಟ್ಟಿನಲ್ಲಿ ಕೌನ್ಸಿಲ್ ಟ್ಯಾಕ್ಸ್‌ನ ಮುಖ್ಯ ಭಾಗವನ್ನು ಏರಿಸಲಿಲ್ಲ. ವೃದ್ಧರು ಮತ್ತು ಅಶಕ್ತರ ಆರೈಕೆಗೆಂದು ಮೀಸಲಾದ ಶೇಕಡ 2ರ ಭಾಗವನ್ನಷ್ಟೇ ಸೇರಿಸಿತು. ವ್ಯತ್ಯಾಸ ಕಂಡದ್ದು ಮನೆಗಳ ವಿಷಯದಲ್ಲಿ. ಹಿಂದಿನ ಆಡಳಿತ ಕೈಗೆತ್ತಿಕೊಂಡಿದ್ದ 1,000 ಮನೆಗಳ ಯೋಜನೆಯನ್ನು ಮುಂದುವರಿಸಿ, ಅವೆಲ್ಲವನ್ನೂ ಕೌನ್ಸಿಲ್‌ನ ಕಡಿಮೆ ಬಾಡಿಗೆಗೇ ಕೊಡುವುದಾಗಿ ನಿರ್ಧರಿಸಲಾಯಿತು.